ವಧ್ಯಸ್ಥಾನದಲ್ಲಿ ವೈದ್ಯಶೌಚ

ನಮ್ಮ ದೇಶದಲ್ಲಿ ಮರಣದಂಡನೆಯೆಂದರೆ ನೇಣು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಾದರೋ ಅದು ಬಹುಮಟ್ಟಿಗೆ ಮಾರಕವಾದ ಸೂಜಿಮದ್ದಿನಿಂದ ನಡೆಯುತ್ತಿರುವುದು. ಅಲ್ಲಿನ ಕ್ರಮದಲ್ಲಿ ಒಂದಂಶವು ಕೇಳಿದವರಿಗೆ ವಿಸ್ಮಯವನ್ನುಂಟುಮಾಡದೆ ಇರಲಾರದು. ಅಪರಾಧಿಯನ್ನು ಮಂಚಕ್ಕೆ ಬಿಗಿದ ಮೇಲೆ, ಸೂಜಿ ಚುಚ್ಚುವ ಮುನ್ನ, ಅವನ ತೋಳನ್ನು ಸ್ಪಿರಿಟಿನಲ್ಲಿ ನೆನೆದ ಹತ್ತಿಯಿಂದ ಒರೆಸುವ ವಾಡಿಕೆಯುಂಟು. ಗಾಯವು ಕೀವುಗಟ್ಟುವುದಕ್ಕೆ ದಿನಗಳು ಬೇಕು; ಇವನಿಗೆ ಉಳಿದಿರುವುದು ಕೆಲವು ನಿಮಿಷಗಳು. ಹೀಗಿರಲು ಈ ಶೌಚವು ಯಾರ ಹಿತಕ್ಕಾಗಿ?

ವಧೆಯ ಕಾರ್ಯದಲ್ಲಿ ವೈದ್ಯನ ಕೈ ಸೇರಿದುದು ಇಂದುನಿನ್ನೆಯ ಮಾತಲ್ಲ. ಫ್ರಾನ್ಸಿನಲ್ಲಿ 1792ರಲ್ಲಿ ಬಳಕೆಗೆ ಬಂದ ಶಿರಶ್ಛೇದಯಂತ್ರವನ್ನು ರೂಪಿಸಿದವರಲ್ಲಿ ಆಂಟ್ವಾನ್ ಲೂಯಿ ಎಂಬ ಶಸ್ತ್ರವೈದ್ಯನು ಮುಖ್ಯನು. ಅಮೆರಿಕೆಯ ಓಕ್ಲಹೋಮಾ ಸಂಸ್ಥಾನದಲ್ಲಿ ಶವಪರೀಕ್ಷೆಯ ಮುಖ್ಯಾಧಿಕಾರಿಯಾಗಿದ್ದ ಜೇ ಚಾಪ್‌ಮನ್ ಎಂಬ ವೈದ್ಯನು 1977ರಲ್ಲಿ ಸೂಜಿಮದ್ದಿನ ಕ್ರಮವನ್ನು ಸೂಚಿಸಲು, ಅದೇ ವರ್ಷ ಅಲ್ಲಿ ಶಾಸನವಾಯಿತು. ಮೊದಲು ಅದನ್ನು ಆಚರಣೆಗೆ ತಂದುದು ಟೆಕ್ಸಸ್. 1982ನೆಯ ಡಿಸೆಂಬರ್ 7ರಂದು ಚಾರ್ಲ್ಸ್ ಬ್ರೂಕ್ಸ್ ಎಂಬವನು ಹೀಗೆ ಮೃತನಾದನು. ಆಗಿನ ಮೂರು ಮದ್ದುಗಳಲ್ಲಿ ಮೊದಲನೆಯದು ಮೈಮರೆಸುವುದು, ಎರಡನೆಯದು ಮಾಂಸಖಂಡಗಳನ್ನು ಸ್ತಂಭಿಸುವುದು, ಮೂರನೆಯದು ಹೃದಯವನ್ನು ನಿಲ್ಲಿಸುವುದು. ಮೊದಲೆರಡೂ ಶಸ್ತ್ರಚಿಕಿತ್ಸೆಯ ಕೊಠಡಿಯಿಂದಲೇ ಎರವಲು ಬಂದವು. ಮದ್ದು, ಮಂಚ, ಕೊಳವೆಗಳೊಡನೆ ಸ್ಪಿರಿಟಿನ ಹತ್ತಿಯೂ ಬಂದಿತು.

ಶುದ್ಧಿಗೆ ಸುಲಭವಾದ ಕಾರಣಗಳೂ ಇಲ್ಲದಿಲ್ಲ. ಸೂಜಿಗಳು ಕಾರ್ಖಾನೆಯಿಂದಲೇ ಕ್ರಿಮಿರಹಿತವಾಗಿ ಬರುವುವು. ವಧೆಗೆಂದು ಮಲಿನವಾದವನ್ನು ಬೇರೆ ಯಾರೂ ತಯಾರಿಸರು. ಚುಚ್ಚುವವನ ಕೈಗೆ ಆಸ್ಪತ್ರೆಯ ಅಭ್ಯಾಸವಿರುವುದು. ರಕ್ತದಿಂದ ಅಂಟುವ ರೋಗಗಳ ಭಯದಿಂದ ಅವನು ತನ್ನ ರಕ್ಷಣೆಗೂ ಕೈಚೀಲವನ್ನು ತೊಡುವನು. ಆದರೆ ನಿಜವಾದ ಕಾರಣವು ನ್ಯಾಯಶಾಸ್ತ್ರದಲ್ಲಿದೆ. ಪ್ರಾಣವು ಹೋಗುವವರೆಗೆ ದಂಡನೆಯು ಮುಗಿದುದಲ್ಲ. ಮುಗಿಯುವವರೆಗೆ ಅದು ನಿಲ್ಲಬಹುದು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಜೇಮ್ಸ್ ಆಟ್ರಿಯ ವೃತ್ತಾಂತವೇ ಸಾಕು. 1983ನೆಯ ಅಕ್ಟೋಬರಿನಲ್ಲಿ, ನಡುರಾತ್ರಿಯ ಮುಹೂರ್ತಕ್ಕೆಂದು, ಟೆಕ್ಸಸಿನ ಸೆರೆಮನೆಯಲ್ಲಿ ಅವನನ್ನು ಮಂಚಕ್ಕೆ ಬಿಗಿದು ಸೂಜಿಯನ್ನೂ ಚುಚ್ಚಿಯಾಗಿತ್ತು. ಅಷ್ಟರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದ ಬೈರನ್ ವೈಟ್ ಅವರಿಂದ ತಡೆಯಾಜ್ಞೆಯು ಬಂದಿತು. ಸೂಜಿಯನ್ನು ಕಿತ್ತರು; ಅವನು ತಿರುಗಿ ಕೋಣೆಗೆ ನಡೆದನು. ಆ ಸೂಜಿಯು ಮಲಿನವಾಗಿದ್ದಿದ್ದರೆ, ನ್ಯಾಯಾಲಯವು ತಡೆದ ಮರಣವನ್ನು ಸೆರೆಮನೆಯೇ ಕೊಟ್ಟಂತಾಗುತ್ತಿತ್ತು. ಮರುವರ್ಷ ಮಾರ್ಚ್ 14ರಂದು ದಂಡನೆಯು ನೆರವೇರಿತೆಂಬುದು ಬೇರೆ ಮಾತು.

ಇಷ್ಟರಿಂದ ಈ ಶೌಚವನ್ನು ಕೇವಲ ಕರುಣೆಯೆಂದು ಕೊಂಡಾಡುವುದು ಸಾಧುವಲ್ಲ. ಸ್ತಂಭಿಸುವ ಮದ್ದು ದೇಹದ ಯಾತನೆಯನ್ನು ನೋಡುವವರ ಕಣ್ಣಿಗೆ ಮರೆಮಾಡುವಂತೆ, ಆಸ್ಪತ್ರೆಯ ವೇಷವು ವಧೆಯನ್ನು ಮರೆಮಾಡುವುದು. ಇದನ್ನರಿತೇ ಅಮೆರಿಕೆಯ ವೈದ್ಯಸಂಘವು, ವೈದ್ಯನಾದವನು ಮರಣದಂಡನೆಯಲ್ಲಿ ಭಾಗಿಯಾಗಕೂಡದೆಂದು 1980ರಲ್ಲಿ ನಿಯಮವನ್ನು ಮಾಡಿತು. ಇದರಿಂದ ಒಂದು ವಿಪರ್ಯಾಸವು ತಲೆದೋರಿತು. ವೈದ್ಯರು ಹಿಂಜರಿದರು, ವೈದ್ಯಕ್ರಿಯೆ ಮಾತ್ರ ಉಳಿಯಿತು. ಹತ್ತಿಯಿಂದ ಒರೆಸುವುದು ಯಾರಿಗೂ ಬಂದೀತು. ರಕ್ತನಾಳವನ್ನು ಹಿಡಿಯುವುದು ಎಲ್ಲರಿಗೂ ಬಾರದು.

ಓಹಿಯೋ ಸಂಸ್ಥಾನದಲ್ಲಿ 2009ನೆಯ ಸೆಪ್ಟೆಂಬರ್ 15ರಂದು ರಾಮೆಲ್ ಬ್ರೂಮ್ ಎಂಬವನ ಕೈಕಾಲುಗಳನ್ನು ಸುಮಾರು ಎರಡು ಗಂಟೆಗಳ ಕಾಲ ಚುಚ್ಚಿ ನೋಡಿದರೂ ತಕ್ಕ ನಾಳವು ದೊರೆಯಲಿಲ್ಲ. ನೋವು ತಾಳಲಾರದೆ ಅತ್ತ ಅವನೇ ಒಮ್ಮೆ ನಾಳವನ್ನು ಹುಡುಕುವುದಕ್ಕೆ ನೆರವಾದನಂತೆ. ಕಡೆಗೆ ಗವರ್ನರು ಕಾರ್ಯವನ್ನು ನಿಲ್ಲಿಸಿದನು. ಒಮ್ಮೆ ಇಷ್ಟನ್ನು ಅನುಭವಿಸಿದವನನ್ನು ಪುನಃ ಆ ಮಂಚಕ್ಕೆ ಏರಿಸಬಹುದೇ ಎಂಬ ವಿವಾದವು ನಡೆದು, ಏರಿಸಬಹುದೆಂದು 2016ರಲ್ಲಿ ಓಹಿಯೋವಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ನ್ಯಾಯಮೂರ್ತಿಗಳಲ್ಲಿ ನಾಲ್ವರು ಅತ್ತ, ಮೂವರು ಇತ್ತ. ಆ ತೀರ್ಪು ಆಚರಣೆಗೆ ಬರುವ ಮುನ್ನವೇ, 2020ನೆಯ ಡಿಸೆಂಬರಿನಲ್ಲಿ, ಅವನು ಸೆರೆಯಲ್ಲಿದ್ದಂತೆಯೇ ರೋಗದಿಂದ ತೀರಿಕೊಂಡನು.