ಕಟ್ ಹೇಳುವವನು ಕೇಳೋಕೆ ಕೂತಾಗ

ಸತ್ಯಜಿತ್ ಭಟ್ಕಳ್. ಈ ಹೆಸರು ಕೇಳಿದ್ದೀರಾ ವೀಕ್ಷಕರೇ? ಬಹುತೇಕರು ಇಲ್ಲ ಅಂತೀರಿ. ಸರಿ, 'ಸತ್ಯಮೇವ ಜಯತೆ' ಅನ್ನೋ ಟಿವಿ ಕಾರ್ಯಕ್ರಮ? ಅದು ಗೊತ್ತು. ಆಮೀರ್ ಖಾನ್ ಕಣ್ಣೊರೆಸಿಕೊಂಡಿದ್ದು ಗೊತ್ತು, ಭಾನುವಾರ ಬೆಳಗ್ಗೆ 11 ಗಂಟೆಗೆ ಮನೆಮಂದಿಯೆಲ್ಲ ಟಿವಿ ಮುಂದೆ ಕೂತಿದ್ದೂ ಗೊತ್ತು. ಆ ಕಾರ್ಯಕ್ರಮದ ನಿರ್ದೇಶಕ ಈ ಭಟ್ಕಳ್. ಹೆಸರಿಗೆ ನಮ್ಮ ಉತ್ತರ ಕನ್ನಡದ ಊರು ಅಂಟಿಕೊಂಡಿದೆ, ಆದರೆ ಕೆಲಸ ಮಾಡಿದ್ದು ಹೆಚ್ಚಾಗಿ ಮುಂಬೈನಲ್ಲಿ. ತೆರೆಯ ಮುಂದಿರುವವರ ಚರಿತ್ರೆಯನ್ನು ಎಲ್ಲರೂ ಬರೀತಾರೆ. ನಾನು ಇವತ್ತು ತೆರೆಯ ಹಿಂದಿನವರ ಚರಿತ್ರೆ ಹೇಳ್ತೀನಿ. ಯಾಕಂದ್ರೆ ಅದು ನನ್ನ ಕಸುಬಿಗೂ ಸಂಬಂಧಪಟ್ಟಿದ್ದು.

ಭಟ್ಕಳ್ ಮೂಲತಃ ವಕೀಲರು. ಆಮೀರ್ ಖಾನ್‌ಗೆ ಹಳೆಯ ಗೆಳೆಯ. 2000ದಲ್ಲಿ ಗುಜರಾತಿನ ಭುಜ್ ಹತ್ತಿರ 'ಲಗಾನ್' ಚಿತ್ರೀಕರಣ ಶುರುವಾದಾಗ ಕರಿಕೋಟು ಬದಿಗಿಟ್ಟು ಆ ತಂಡ ಸೇರಿದರು. ಸಿನಿಮಾ 2001ರ ಜೂನ್ 15ಕ್ಕೆ ಬಿಡುಗಡೆಯಾಯ್ತು, ಆಸ್ಕರ್ ನಾಮನಿರ್ದೇಶನದವರೆಗೂ ಹೋಯ್ತು. ಎಲ್ಲರೂ ಗೆಲುವಿನ ಬಗ್ಗೆ ಮಾತಾಡ್ತಿದ್ದಾಗ ಈ ವಕೀಲರು ಒಂದು ಪುಸ್ತಕ ಬರೆದರು, 'ದಿ ಸ್ಪಿರಿಟ್ ಆಫ್ ಲಗಾನ್'. ಆಮೇಲೆ 'ಚಲೇ ಚಲೋ' ಎಂಬ ಸಾಕ್ಷ್ಯಚಿತ್ರ ಮಾಡಿದರು. ಎರಡರ ವಿಷಯವೂ ಒಂದೇ: ಈ ಸಿನಿಮಾ ಹೇಗೆ ತಯಾರಾಯ್ತು. ಅಂದ್ರೆ ಹೀರೋನ ಕಥೆಗಿಂತ ಆ ಬಿಸಿಲಲ್ಲಿ ದುಡಿದವರ ಕಥೆ ಈ ಮನುಷ್ಯನನ್ನು ಹಿಡಿದುಕೊಂಡಿತ್ತು. ಮುಂದೆ 'ಬಾಂಬೆ ಲಾಯರ್ಸ್' ಎಂಬ ಟಿವಿ ಸರಣಿ ನಿರ್ದೇಶಿಸಿದರು. ಬಿಟ್ಟುಬಂದ ಕೋರ್ಟು ಕಿರುತೆರೆಯಲ್ಲಿ ವಾಪಸ್ ಸಿಕ್ಕಿತು.

ಆಮೇಲೆ ದೊಡ್ಡ ಅವಕಾಶ. ಡಿಸ್ನಿ ಸಂಸ್ಥೆಯ 'ಜೊಕ್ಕೊಮಾನ್'. 'ತಾರೇ ಜಮೀನ್ ಪರ್'ನ ಪುಟ್ಟ ಹುಡುಗ ದರ್ಶೀಲ್ ಸಫಾರಿ ನಾಯಕ, ಅನುಪಮ್ ಖೇರ್ ಜೊತೆಗಿದ್ದರು. ಅನಾಥ ಹುಡುಗನೊಬ್ಬ ಸೂಪರ್ ಹೀರೋ ಆಗುವ ಕಥೆ. 2011ರ ಏಪ್ರಿಲ್ 22ಕ್ಕೆ ತೆರೆಕಂಡಿತು. ಬಾಕ್ಸಾಫೀಸಿನಲ್ಲಿ ನಿಲ್ಲಲಿಲ್ಲ. ನಮ್ಮಲ್ಲಿ ಒಂದು ಶುಕ್ರವಾರ ಸೋತ ನಿರ್ದೇಶಕನಿಗೆ ಮುಂದಿನ ಫೋನು ಬರೋದೇ ಕಷ್ಟ. ಸಿನಿಮಾದವರು ಟಿವಿಗೆ ಬಂದರೆ 'ಪಾಪ, ಅವಕಾಶ ಇಲ್ಲ, ಕಿರುತೆರೆಗೆ ಬಂದರು' ಅಂತ ಮಾತಾಡೋರು ಬೇರೆ.

ಒಂದು ವರ್ಷ, ಹದಿನಾಲ್ಕು ದಿನ. ಅಷ್ಟೇ. 2012ರ ಮೇ 6ರ ಭಾನುವಾರ ಅದೇ ನಿರ್ದೇಶಕನ ಕೆಲಸವನ್ನು ಇಡೀ ದೇಶ ನೋಡಿತು. ಸ್ಟಾರ್ ಪ್ಲಸ್ ಮತ್ತು ದೂರದರ್ಶನ, ಎರಡರಲ್ಲೂ ಒಂದೇ ಹೊತ್ತಿಗೆ. ಖಾಸಗಿ ವಾಹಿನಿ ಮತ್ತು ಸರ್ಕಾರಿ ವಾಹಿನಿ ಕೈ ಹಿಡಿದು ನಡೆದದ್ದು ಆಗ ಸಣ್ಣ ಮಾತಲ್ಲ. ಕೇಬಲ್ ಇಲ್ಲದ ಹಳ್ಳಿಯ ಮನೆಗೂ ತಲುಪಬೇಕು ಅನ್ನೋದೇ ಅದರ ಲೆಕ್ಕ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಸಿನಿಮಾ ನಿರ್ದೇಶಕ ಅಂದ್ರೆ ನಿಮಗೆ ಗೊತ್ತು, ಆಕ್ಷನ್ ಅಂತಾನೆ, ಕಟ್ ಅಂತಾನೆ. ನಟ ಅಳಬೇಕು ಅಂದ್ರೆ ಗ್ಲಿಸರಿನ್ ಬರುತ್ತೆ. ಟಾಕ್ ಶೋನಲ್ಲಿ ಅದು ನಡೆಯಲ್ಲ. ಕಾಗದದ ಮೇಲೆ ಆಮೀರ್ ಖಾನ್ ಪ್ರೊಡಕ್ಷನ್ಸ್ ನಿರ್ಮಾಪಕ, ಭಟ್ಕಳ್ ನಿರ್ದೇಶಕ. ಆದರೆ ಇಂಥ ಕಾರ್ಯಕ್ರಮದ ನಿರ್ದೇಶಕನ ಕೆಲಸವನ್ನು ನಮ್ಮ ಟಿವಿ ಭಾಷೆಯಲ್ಲಿ ಪ್ರೊಡ್ಯೂಸರ್ ಕೆಲಸ ಅಂತೀವಿ. ವಿಷಯ ಯಾವುದು, ಮಾತಾಡೋರು ಯಾರು, ಅವರು ಹೇಳೋದು ನಿಜವೇ, ದಾಖಲೆ ಇದೆಯೇ, ನಾಳೆ ಕೋರ್ಟಿಗೆ ಎಳೆದರೆ ನಿಲ್ಲುತ್ತಾ, ಮಾತಾಡಿದ ಹೆಣ್ಣುಮಗಳು ವಾಪಸ್ ಊರಿಗೆ ಹೋದಾಗ ಅವಳ ಗತಿ ಏನು? ಇದೆಲ್ಲ ಕ್ಯಾಮೆರಾ ಆನ್ ಆಗೋ ಮೊದಲಿನ ಕೆಲಸ. ಮೊದಲ 13 ಕಂತುಗಳಿಗೆ ತಂಡ ಸುಮಾರು ಎರಡು ವರ್ಷ ತಯಾರಿ ನಡೆಸಿತ್ತು. ವಕೀಲನ ಬುದ್ಧಿ, ನಿರ್ದೇಶಕನ ಕಣ್ಣು, ಎರಡೂ ಒಂದೇ ಕಡೆ ಕೆಲಸಕ್ಕೆ ಬಂದವು.

ಮೊದಲ ಕಂತನ್ನೇ ತಗೊಳ್ಳಿ. ವಿಷಯ ಹೆಣ್ಣು ಭ್ರೂಣಹತ್ಯೆ. ರಾಜಸ್ಥಾನದ ಇಬ್ಬರು ಟಿವಿ ಪತ್ರಕರ್ತರು, ಮೀನಾ ಶರ್ಮಾ ಮತ್ತು ಶ್ರೀಪಾಲ್ ಶಕ್ತಾವತ್, ಆರೇಳು ವರ್ಷ ಮೊದಲೇ ಗುಪ್ತ ಕ್ಯಾಮೆರಾ ಹಿಡಿದು ನೂರಕ್ಕೂ ಹೆಚ್ಚು ವೈದ್ಯರ ಬಣ್ಣ ಬಯಲು ಮಾಡಿದ್ದರು. ಸುದ್ದಿ ಪ್ರಸಾರವಾಗಿತ್ತು, ಗದ್ದಲ ಆಗಿತ್ತು. ಆಮೇಲೆ? ಬೇರೆ ಬೇರೆ ಊರಿನ ಕೋರ್ಟುಗಳಲ್ಲಿ ಕೇಸುಗಳು ತೆವಳುತ್ತಿದ್ದವು. ಆ ಇಬ್ಬರೂ ಊರಿಂದೂರಿಗೆ ಅಲೆಯುತ್ತಿದ್ದರು. ಭಟ್ಕಳ್ ತಂಡ ಹೊಸ ಸ್ಟಿಂಗ್ ಮಾಡಲಿಲ್ಲ. ಮರೆತುಹೋದ ಹಳೆಯ ಸ್ಟಿಂಗ್ ಹುಡುಕಿ ತೆಗೆದು, ಆ ಪತ್ರಕರ್ತರನ್ನು ಕೂರಿಸಿ, 'ಆಮೇಲೆ ಏನಾಯ್ತು ಹೇಳಿ' ಅಂತ ಕೇಳಿತು. ಕಂತು ಪ್ರಸಾರವಾದ ಅದೇ ವಾರ ಆಮೀರ್ ಖಾನ್ ರಾಜಸ್ಥಾನದ ಮುಖ್ಯಮಂತ್ರಿ ಅಶೋಕ್ ಗೆಹ್ಲೋಟ್ ಅವರನ್ನು ಭೇಟಿಯಾದರು. ತ್ವರಿತ ನ್ಯಾಯಾಲಯದ ಭರವಸೆ ಸಿಕ್ಕಿತು.

ನೋಡಿ, ಸುದ್ದಿ ಕೊಟ್ಟವರು ನಾವು, ಸುದ್ದಿಯವರು. ಸುದ್ದಿಯನ್ನು ಬಿಡದೆ ಹಿಡಿದುಕೊಂಡವನು ಸಿನಿಮಾದಿಂದ ಬಂದವನು. ಈ ಮಾತು ನನಗೆ ಚುಚ್ಚುತ್ತೆ. ನಮ್ಮ ಸ್ಟುಡಿಯೋಗಳಲ್ಲಿ ರಾತ್ರಿ 9 ಗಂಟೆಗೆ ಪರದೆ ತುಂಬ ಕಿಟಕಿ, ಕಿಟಕಿಗೊಂದು ಮುಖ, ಮುಖಕ್ಕೊಂದು ಕೂಗು. ಯಾರ ವಾಕ್ಯವೂ ಪೂರ್ತಿ ಆಗಲ್ಲ. ಆ ಕಾರ್ಯಕ್ರಮದಲ್ಲಿ ಒಬ್ಬ ತಾಯಿ ಮಾತು ನಿಲ್ಲಿಸಿದರೆ ಕ್ಯಾಮೆರಾ ಕಾಯುತ್ತಿತ್ತು. ಟಿವಿಯಲ್ಲಿ ಮೌನಕ್ಕಿಂತ ದುಬಾರಿ ಸರಕು ಇನ್ನೊಂದಿಲ್ಲ ಸ್ವಾಮಿ.

ತಕರಾರುಗಳೂ ಇದ್ದವು, ಇರಬೇಕು ಕೂಡ. ವೈದ್ಯಕೀಯ ರಂಗದ ಕಂತು ಬಂದಾಗ ಭಾರತೀಯ ವೈದ್ಯಕೀಯ ಸಂಘ ಸಿಟ್ಟಾಯಿತು, ಕ್ಷಮೆ ಕೇಳಿ ಅಂತು. ಆಮೀರ್ ಕೇಳಲಿಲ್ಲ. ಬದಲಿಗೆ ಜೂನ್ ತಿಂಗಳಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ಮುಂದೆ ಕೂತು ಜೆನೆರಿಕ್ ಔಷಧಿಗಳ ಬಗ್ಗೆ ಮಾತಾಡಿದರು. ಒಂದು ತಾಸಿನಲ್ಲಿ ವರದಕ್ಷಿಣೆಗೂ ಅಸ್ಪೃಶ್ಯತೆಗೂ ಪರಿಹಾರ ಸಿಗುತ್ತಾ, ಕಣ್ಣೀರು ಕೂಡ ಟಿಆರ್‌ಪಿ ಅಲ್ಲವೇ ಅಂತ ಕೇಳಿದವರಿದ್ದರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಂತು ಬಂದ ತಿಂಗಳಲ್ಲೇ ಪೋಕ್ಸೋ ಮಸೂದೆ ಸಂಸತ್ತಿನಲ್ಲಿ ಪಾಸಾಯ್ತು. ಟಿವಿ ಕಾನೂನು ತಂದಿತು ಅಂತ ಹಲವರು ಕುಣಿದರು. ಅದು ಸರಿಯಲ್ಲ. ಮಸೂದೆ 2011ರಲ್ಲೇ ಮಂಡನೆಯಾಗಿತ್ತು, ಅದರ ಹಿಂದೆ ಬೇರೆ ಬೇರೆಯವರ ವರ್ಷಗಳ ದುಡಿಮೆ ಇತ್ತು. ಆದರೆ ಕಾನೂನು ಕಾಗದದಲ್ಲಿ ಬರುವ ಹೊತ್ತಿಗೆ ಮನೆಯ ನಡುಕೋಣೆಯಲ್ಲಿ ಅಪ್ಪ ಅಮ್ಮ ಮಕ್ಕಳ ಜೊತೆ ಆ ಮಾತು ಆಡುವ ಹಾಗಾಯ್ತಲ್ಲ, ಅದು ಟಿವಿಯ ಪಾಲು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ತೆಲುಗು, ತಮಿಳು, ಮಲಯಾಳಂ, ಮರಾಠಿ, ಬಂಗಾಳಿ, ಎಲ್ಲರಿಗೂ ಈ ಕಾರ್ಯಕ್ರಮ ಅವರವರ ಭಾಷೆಯಲ್ಲಿ ಟಿವಿಯಲ್ಲೇ ಸಿಕ್ಕಿತು. 2012ರಲ್ಲಿ ಕನ್ನಡಿಗರಿಗೆ ಸಿಗಲಿಲ್ಲ. ಯಾಕೆ? ಡಬ್ಬಿಂಗ್. ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲದ, ಆದರೆ 1960ರ ದಶಕದಿಂದ ಗಟ್ಟಿಯಾಗಿ ನಡೆದುಬಂದ ನಿಷೇಧ. ಅದಕ್ಕೊಂದು ಕಾರಣ ಇತ್ತು, ಅದನ್ನು ನಾನು ಅಲ್ಲಗಳೆಯಲ್ಲ. ಪರಭಾಷೆಯ ದೊಡ್ಡ ಚಿತ್ರಗಳ ಎದುರು ಕನ್ನಡದ ಕಲಾವಿದರು, ತಂತ್ರಜ್ಞರು ಬದುಕಬೇಕಿತ್ತು. ಆ ಹೋರಾಟ ಇಲ್ಲದಿದ್ದರೆ ಕನ್ನಡ ಚಿತ್ರರಂಗ ಕಾಲೂರಿ ನಿಲ್ಲೋದು ಸುಲಭ ಇರಲಿಲ್ಲ. ಆದರೆ ಒಂದು ಟಾಕ್ ಶೋ ಯಾರ ಹೀರೋನ ಜೊತೆ ಸ್ಪರ್ಧೆ ಮಾಡುತ್ತೆ ಹೇಳಿ?

ಇನ್ನೂ ಬೇಸರದ ಸಂಗತಿ ಕೇಳಿ. ಆ ವೈದ್ಯಕೀಯ ಕಂತಿನಲ್ಲಿ ನಮ್ಮ ಡಾ. ದೇವಿ ಶೆಟ್ಟಿ ಇದ್ದರು. 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ರೈತರಿಗಾಗಿ ಶುರುವಾದ ಯಶಸ್ವಿನಿ ಯೋಜನೆಯನ್ನು ದೇಶದ ಮುಂದೆ ಇಟ್ಟರು. ಶುರುವಿನಲ್ಲಿ ತಿಂಗಳಿಗೆ ಬರೀ 5 ರೂಪಾಯಿ ಕಟ್ಟಿ ಆಪರೇಷನ್ ಮಾಡಿಸಿಕೊಳ್ಳಬಹುದಾಗಿದ್ದ ಯೋಜನೆ. ಅಸ್ಪೃಶ್ಯತೆಯ ಕಂತಿನಲ್ಲಿ ಕೋಲಾರ ಚಿನ್ನದ ಗಣಿಯ ಮಣ್ಣಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಇದ್ದರು, ಮಲ ಹೊರುವ ಪದ್ಧತಿಯ ವಿರುದ್ಧ ಜೀವಮಾನ ತೇಯ್ದವರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರಲ್ಲ, ಅದೇ ವಿಲ್ಸನ್. ಕರ್ನಾಟಕದ ಯೋಜನೆ, ಕರ್ನಾಟಕದ ಮಗ. ಕಥೆ ನಮ್ಮದು, ಕೇಳಿದವರು ಬೇರೆಯವರು. ಹಿಂದಿ ಬಾರದ ಮಂಡ್ಯದ ರೈತನಿಗೆ ಅದು ಟಿವಿಯಲ್ಲಿ ಕನ್ನಡದಲ್ಲಿ ಬರಲಿಲ್ಲ.

ಆದರೆ ಆ ಸಿಟ್ಟು ವ್ಯರ್ಥ ಆಗಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಯಿತು. 2015ರಲ್ಲಿ ಆಯೋಗ ಡಬ್ಬಿಂಗ್ ತಡೆದ ಸಂಘಟನೆಗಳ ವಿರುದ್ಧ ಆದೇಶ ಕೊಟ್ಟಿತು. 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಧಾರಾವಾಹಿ ಕನ್ನಡ ಮಾತಾಡುತ್ತಾ ನಮ್ಮ ಮನೆಗಳಿಗೆ ಬಂದಾಗ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಭಟ್ಕಳ್ ಏನು ಮಾಡಿದರು? 2014ರಲ್ಲಿ ಇನ್ನೆರಡು ಸೀಸನ್ ಬಂದವು. ಹಾಗೇ ಮುಂದುವರಿಸಿದ್ದರೆ ಜೀವನಪೂರ್ತಿ ನಡೆಯುತ್ತಿತ್ತು. ಮಾಡಲಿಲ್ಲ. ಮೊದಲ ಸೀಸನ್ನಿನಲ್ಲಿ ನೀರಿನ ಬಗ್ಗೆ ಒಂದು ಕಂತು ಇತ್ತು. 2016ರಲ್ಲಿ ಆಮೀರ್ ಮತ್ತು ಕಿರಣ್ ರಾವ್ ಮಹಾರಾಷ್ಟ್ರದಲ್ಲಿ ಪಾನಿ ಫೌಂಡೇಶನ್ ಕಟ್ಟಿದರು, ಭಟ್ಕಳ್ ಅದರ ಸಿಇಒ. ಸಿನಿಮಾದಿಂದ ಟಿವಿಗೆ ಬಂದವರು ಟಿವಿಯಿಂದ ಹೊಲಕ್ಕೆ ಇಳಿದರು. ವಾಟರ್ ಕಪ್ ಅಂತ ಹಳ್ಳಿಗಳ ನಡುವೆ ಪಂದ್ಯ ನಡೆಯುತ್ತಿತ್ತು. ಬೇಸಿಗೆಯ 45 ದಿನ ಶ್ರಮದಾನ ಮಾಡಿ, ಮಳೆನೀರು ಇಂಗಿಸುವ ಕೆಲಸ ಯಾವ ಊರು ಹೆಚ್ಚು ಮಾಡುತ್ತಿತ್ತೋ ಅದಕ್ಕೆ ಬಹುಮಾನ ಸಿಗುತ್ತಿತ್ತು. ಮೊದಲ ವರ್ಷ 3 ತಾಲ್ಲೂಕು, 2017ರಲ್ಲಿ 30, 2018ರಲ್ಲಿ 75. ಇಲ್ಲೂ ಪ್ರಶ್ನೆ ಎತ್ತಿದ ಜಲತಜ್ಞರಿದ್ದಾರೆ. ಅವಸರದಲ್ಲಿ ಅಗೆದರೆ ನೆಲಕ್ಕೆ ಒಳ್ಳೆಯದಾ ಅಂತ ಕೇಳಿದ್ದಾರೆ. ಕೇಳಲಿ. ಆದರೆ ಜಾತಿಯಿಂದ, ಪಕ್ಷದಿಂದ ಒಡೆದ ಊರಿನವರು ಒಂದೇ ಬುಟ್ಟಿಯಲ್ಲಿ ಮಣ್ಣು ಹೊತ್ತರಲ್ಲ, ಅದು ಸಣ್ಣದಲ್ಲ.

ಈ ಚರಿತ್ರೆಯಿಂದ ನಾನು ತೆಗೆದುಕೊಳ್ಳೋದು ಒಂದೇ ಮಾತು. ಟಾಕ್ ಶೋ ಅಂದ್ರೆ ಮಾತಿನ ಕಾರ್ಯಕ್ರಮ ಅಂತ ನಾವು ತಿಳಿದುಕೊಂಡಿದ್ದೀವಿ. ಭಟ್ಕಳ್ ಅದನ್ನು ಕೇಳಿಸಿಕೊಳ್ಳುವ ಕಾರ್ಯಕ್ರಮ ಅಂತ ತಿಳಿದರು. ಕೇಳಿಸಿಕೊಂಡವನಿಗೆ ಒಂದು ಋಣ ಬೀಳುತ್ತೆ. ನೀರಿಲ್ಲ ಅಂತ ಒಬ್ಬ ರೈತ ಹೇಳಿದ್ದನ್ನು ಪೂರ್ತಿ ಕೇಳಿದ ಮೇಲೆ 'ಈಗೊಂದು ಸಣ್ಣ ವಿರಾಮ' ಅಂತ ಎದ್ದು ಹೋಗೋದು ಅವರಿಂದ ಆಗಲಿಲ್ಲ. ವೀಕ್ಷಕರೇ, ನಾಳೆ ರಾತ್ರಿ 9ಕ್ಕೆ ನಮ್ಮಂಥವರು ಪರದೆಗೆ ಬಂದಾಗ ನೀವೂ ಒಂದು ಲೆಕ್ಕ ಇಡಿ. ಎಷ್ಟು ಜನ ಮಾತಾಡಿದರು ಅಂತಲ್ಲ, ಎಷ್ಟು ಜನರ ಮಾತು ಪೂರ್ತಿಯಾಯ್ತು ಅಂತ.