ಆಟಿಕೆಯೋ, ಆಟದ ಮಣೆಯೋ?



ವಿಡಿಯೋ ಆಟದ ಯಂತ್ರವನ್ನು ಆಟಿಕೆಯೆಂದು ಕರೆಯಬಹುದೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಹಗುರವಾಗಿ ತೋರೀತು. ಆದರೆ ಅಮೆರಿಕದ ವರ್ತಕರೂ ಶಾಸಕರೂ ನ್ಯಾಯಾಧೀಶರೂ ಸುಮಾರು ನಾಲ್ಕು ದಶಕಗಳ ಕಾಲ ಇದರೊಡನೆ ಸೆಣಸಿದ್ದಾರೆ. ಕನ್ನಡಿಗರಾದ ನಮಗೆ ಇಲ್ಲೊಂದು ಅನುಕೂಲವಿದೆ. ಚನ್ನಪಟ್ಟಣದ ಬಣ್ಣದ ಕುದುರೆ ನಮಗೆ ಆಟಿಕೆ. ಅಳಗುಳಿಮಣೆಯಾಗಲಿ ಪಗಡೆಯ ಹಾಸಾಗಲಿ ಹಾಗಲ್ಲ, ಅವು ಆಟದ ಸಾಧನಗಳು. ಧರ್ಮರಾಯನು ಆಟಿಕೆಯಲ್ಲಿ ರಾಜ್ಯ ಕಳೆದುಕೊಂಡನೆಂದು ಯಾರೂ ಹೇಳರು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಇತಿಹಾಸದತ್ತ ನೋಡೋಣ.

ಮನೆಯಲ್ಲಿ ಆಡುವ ಮೊದಲ ಯಂತ್ರ ಹುಟ್ಟಿದ್ದು ಆಟಿಕೆಯ ಕಾರ್ಖಾನೆಯಲ್ಲಲ್ಲ. ನಾಜಿ ಜರ್ಮನಿಯಿಂದ 1938ರಲ್ಲಿ ಪಾರಾಗಿ ಬಂದ ಯಹೂದಿ ಕುಟುಂಬದ ರಾಲ್ಫ್ ಬೇರ್, ನ್ಯೂ ಹ್ಯಾಂಪ್‌ಶೈರಿನ ರಕ್ಷಣಾ ಸಾಮಗ್ರಿಯ ಸಂಸ್ಥೆಯೊಂದರಲ್ಲಿ ಎಂಜಿನಿಯರಾಗಿದ್ದಾಗ, 1966ರಲ್ಲಿ ಅದನ್ನು ಕಲ್ಪಿಸಿದರು. ಮ್ಯಾಗ್ನವಾಕ್ಸ್ ಕಂಪನಿ ಅದನ್ನು 'ಒಡಿಸ್ಸಿ' ಎಂಬ ಹೆಸರಿನಲ್ಲಿ 1972ರಲ್ಲಿ ತನ್ನ ಟೆಲಿವಿಷನ್ ವ್ಯಾಪಾರಿಗಳ ಮೂಲಕ ಮಾರಿತು. ಆ ಪೆಟ್ಟಿಗೆಯೊಳಗೆ ಏನಿತ್ತೆಂಬುದು ಗಮನಾರ್ಹ. ಯಂತ್ರಕ್ಕೆ ದನಿಯಿರಲಿಲ್ಲ, ಅಂಕಗಳನ್ನು ಎಣಿಸಲೂ ಬಾರದು. ಆದಕಾರಣ ಜೊತೆಯಲ್ಲಿ ದಾಳಗಳು, ಎಲೆಗಳು, ಕಾಗದದ ಹುಸಿ ಹಣ, ಪರದೆಯ ಮೇಲೆ ಅಂಟಿಸುವ ಪಾರದರ್ಶಕ ಹಾಳೆಗಳನ್ನು ಇಟ್ಟಿದ್ದರು. ಟೆಲಿವಿಷನ್ನೇ ಹಾಸು, ಬೆಳಕಿನ ಚುಕ್ಕೆಯೇ ಕಾಯಿ. ಇದರ ವಂಶ ಯಾವುದೆಂದು ಇನ್ನೇನು ಹೇಳಬೇಕು!

ಅಟಾರಿ ಸಂಸ್ಥೆ 1975ರಲ್ಲಿ ಮನೆಯ 'ಪಾಂಗ್' ಯಂತ್ರವನ್ನು ನ್ಯೂಯಾರ್ಕಿನ ಆಟಿಕೆ ಮೇಳಕ್ಕೆ ಒಯ್ದಾಗ ಆಟಿಕೆಯ ವರ್ತಕರು ಆಸಕ್ತಿ ತೋರಲಿಲ್ಲ. ಅದನ್ನು ಕೊಂಡದ್ದು ಸಿಯರ್ಸ್ ಮಳಿಗೆಯ ಕ್ರೀಡಾಸಾಮಗ್ರಿ ವಿಭಾಗ. ಆ ವರ್ಷದ ಕ್ರಿಸ್‌ಮಸ್‌ಗೆ 1,50,000 ಯಂತ್ರಗಳಿಗೆ ಬೇಡಿಕೆಯಿತ್ತಿತು.

ಬಳಿಕ 1983ರಲ್ಲಿ ಅಮೆರಿಕದ ಈ ಮಾರುಕಟ್ಟೆ ಕುಸಿಯಿತು. ವಿಡಿಯೋ ಆಟವೆಂದರೆ ಅಂಗಡಿಗಳು ಬಾಗಿಲು ಮುಚ್ಚುವಂತಾಯಿತು. ಜಪಾನಿನ ನಿಂಟೆಂಡೋ, 1889ರಲ್ಲಿ ಕ್ಯೋಟೋದಲ್ಲಿ ಹೂಚಿತ್ರದ ಇಸ್ಪೀಟೆಲೆಗಳನ್ನು ತಯಾರಿಸಲು ಹುಟ್ಟಿದ ಸಂಸ್ಥೆ, ತವರಿನಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಎಂದು ಮಾರುತ್ತಿದ್ದ ಯಂತ್ರಕ್ಕೆ 'ಎಂಟರ್‌ಟೈನ್‌ಮೆಂಟ್ ಸಿಸ್ಟಮ್' ಎಂದು ಹೊಸ ಹೆಸರಿಟ್ಟು, 1985ರಲ್ಲಿ ನ್ಯೂಯಾರ್ಕಿಗೆ ತಂದಿತು. ಜೊತೆಗೊಂದು ಪ್ಲಾಸ್ಟಿಕ್ ರೋಬಾಟ್! ಆಟಕ್ಕೆ ಅದರ ಉಪಯೋಗ ಅತ್ಯಲ್ಪ. ಆಟಿಕೆಯ ಅಂಗಡಿಯೊಳಗೆ ಕಾಲಿಡಲು ಅದು ರಹದಾರಿಯಾಗಿತ್ತು. ಆಟಿಕೆಯೆಂಬ ಹಣೆಪಟ್ಟಿ ವರ್ತಕರ ಅಗತ್ಯಕ್ಕಾಗಿ ಬಂದದ್ದೇ ಹೊರತು ವಸ್ತುವಿನ ಗುಣದಿಂದ ಬಂದದ್ದಲ್ಲವೆಂದು ನಾವು ಭಾವಿಸುತ್ತೇವೆ.

ಆ ಹಣೆಪಟ್ಟಿಗೆ ಬೆಲೆ ತೆರಬೇಕಾಯಿತು. ಆಟಿಕೆಯ ಕಪಾಟಿನಲ್ಲಿರುವುದು ಮಕ್ಕಳದ್ದೇ ಎಂದು ತಾಯಿತಂದೆಯರು ನಂಬುವುದು ಸಹಜ. 'ಮಾರ್ಟಲ್ ಕಾಂಬ್ಯಾಟ್'ನ ರಕ್ತಪಾತವನ್ನು ಕಂಡು ಸೆನೆಟರ್ ಲೀಬರ್‌ಮನ್ ಮೊದಲಾದವರು 1993ರ ಡಿಸೆಂಬರಿನಲ್ಲಿ ವಿಚಾರಣೆ ನಡೆಸಿದರು. ಉದ್ಯಮವು 1994ರಲ್ಲಿ ವಯೋಮಾನದ ಗುರುತುಗಳನ್ನು ತಾನೇ ಜಾರಿಗೆ ತಂದಿತು. ಆ ಗುರುತನ್ನು ಓದದೆ ಕೊಳ್ಳುವವರು ಇಂದಿಗೂ ಇದ್ದಾರೆ. ಹಿಂಸಾತ್ಮಕ ಆಟಗಳನ್ನು ಮಕ್ಕಳಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ 7-2ರ ಬಹುಮತದಿಂದ ತಳ್ಳಿಹಾಕಿತು. ಪುಸ್ತಕ, ನಾಟಕ, ಚಲನಚಿತ್ರಗಳಂತೆ ಈ ಆಟಗಳೂ ವಾಕ್‌ಸ್ವಾತಂತ್ರ್ಯದ ರಕ್ಷಣೆಗೆ ಅರ್ಹವೆಂದಿತು. ಬರಿಯ ಆಟಿಕೆಗೆ ಈ ಗೌರವ ಸಲ್ಲುತ್ತಿತ್ತೇ?

ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡವರೂ ಉಂಟು. ಸೋನಿ ಸಂಸ್ಥೆ ತನ್ನ ಎರಡನೆಯ ಪ್ಲೇಸ್ಟೇಷನ್ ಆಟದ ಯಂತ್ರವಲ್ಲ, ಕಂಪ್ಯೂಟರ್ ಎಂದು ಯೂರೋಪಿನಲ್ಲಿ ವಾದಿಸಿತು. ಕಂಪ್ಯೂಟರಿಗೆ ಅಲ್ಲಿ ಆಮದು ಸುಂಕವಿರಲಿಲ್ಲ. ಲೋಕದ ಬಹುತೇಕ ದೇಶಗಳು ಅನುಸರಿಸುವ ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಕ್ರಮಾಂಕ 9503. ವಿಡಿಯೋ ಆಟದ ಯಂತ್ರಗಳಿಗೆ 2012ರಲ್ಲಿ ದೊರೆತ ಪ್ರತ್ಯೇಕ ಕ್ರಮಾಂಕ 9504.50. ಅದಕ್ಕೆ ಹಿಂದಿನ ಸಾಲಿನಲ್ಲಿ, 9504.40ರಲ್ಲಿ, ಇಸ್ಪೀಟೆಲೆಗಳಿವೆ.