ಆಂಟೆನಾಕ್ಕೊಂದು ಜಾಗ

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಟಿ.ವಿ. ಕೊಂಡವರಿಗೆಲ್ಲ ಆಗ ಆಂಟೆನಾ ಎಲ್ಲಿ ನಿಲ್ಲಿಸುವುದೆಂಬ ಚಿಂತೆ. ಮೀನಿನ ಮುಳ್ಳಿನಂಥ ಆ ಸಾಧನವನ್ನು ಜಪಾನಿನ ಯಾಗಿ ಮತ್ತು ಉಡಾ 1926ರಲ್ಲಿ ಲೋಕಕ್ಕೆ ತಿಳಿಸಿದರು. (ದುಡಿಮೆ ಹೆಚ್ಚಾಗಿ ಉಡಾ ಅವರದು, ಹೆಸರು ಬಂದದ್ದು ಯಾಗಿಗೆ!) ಅದರ ಗಿಡ್ಡ ಕಡ್ಡಿಗಳು ಪ್ರಸಾರ ಗೋಪುರದತ್ತ ಮುಖ ಮಾಡಬೇಕು. ಟಿ.ವಿ. ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಬಯಲುಸೀಮೆಯಲ್ಲಿ ತಾರಸಿ ಸಾಕಾಗುತ್ತಿತ್ತು. ಮಲೆನಾಡಿನ ಕಣಿವೆಯವರು ಗುಡ್ಡ ಹತ್ತಿ ಅಲ್ಲಿಂದ ತಂತಿ ಎಳೆಯಬೇಕಿತ್ತು. ಪೇಟೆಯಲ್ಲಿ ಬೇರೆ ಕಾಟ: ಎದುರು ಕಟ್ಟಡಕ್ಕೆ ಬಡಿದ ತರಂಗ ತಡವಾಗಿ ಬಂದು ಚಿತ್ರದ ಪಕ್ಕ ನೆರಳುಚಿತ್ರ ಮೂಡಿಸುತ್ತಿತ್ತು. ನಾಲ್ಕಡಿ ಸರಿಸಿದರೆ ಕೆಲವೊಮ್ಮೆ ಅದು ಮಾಯ. ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಿದ್ದುದು ವಿದ್ಯುತ್ ತಂತಿಯನ್ನು. ಎತ್ತುವಾಗ ಕೊಳವೆ ವಾಲಿ ಅದಕ್ಕೆ ತಗುಲಿದರೆ, ಹಿಡಿದವನ ಜೀವಕ್ಕೇ ಸಂಚಕಾರ.